ಮೈದಾನಕ್ಕೂ ಒಬ್ಬ ಅಕ್ಕ ಬೇಕು

(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಉಳಿತಾಯ, ಸಾಲ, ಲೆಕ್ಕಪುಸ್ತಕ, ಮಕ್ಕಳ ಚುಚ್ಚುಮದ್ದು, ಕೈತೋಟ – ಹೀಗೆ ಎಷ್ಟೋ ವಿಷಯಗಳನ್ನು ನಾವು ಸಭೆಯಲ್ಲಿ ಕೂತು ಓದಿದ್ದೇವೆ. ಈ ಸಲದ ವಿಷಯ ಕೇಳಿದರೆ ನಿಮಗೆ ನಗು ಬರಬಹುದು. ಊರಿನ ಮಕ್ಕಳಿಗೆ ಫುಟ್‌ಬಾಲ್ ಆಡಿಸುವ ಕೋಚ್ ಆಗುವುದು ಹೇಗೆ ಎಂಬುದೇ ಈ ಪಾಠ. "ಅಯ್ಯೋ, ಸೀರೆ ಉಟ್ಟುಕೊಂಡು ಚೆಂಡು ಒದೆಯೋದಾ?" ಎಂದು ಒಬ್ಬರು ಕೇಳುತ್ತೀರಿ. "ನಮಗೇ ಆಟ ಗೊತ್ತಿಲ್ಲ, ಇನ್ನು ಕಲಿಸೋದೇನು?" ಎಂದು ಇನ್ನೊಬ್ಬರು. ನಾವೂ ಮೊದಲು ಹಾಗೇ ಕೇಳಿದವರು. ಆದ್ದರಿಂದ ನಮ್ಮದೇ ಒಂದು ತಪ್ಪಿನಿಂದ ಪಾಠ ಶುರು ಮಾಡುತ್ತೇವೆ.

ಚೀಲ ಕಾದ ಹುಡುಗಿ

ನಾವು ಕೆಲಸ ಮಾಡುವ ಒಂದು ಹಳ್ಳಿಯಲ್ಲಿ ಬೇಸಿಗೆ ರಜೆಗೆ ಮಕ್ಕಳ ಶಿಬಿರ ನಡೆಯಿತು. ಪೇಟೆಯಿಂದ ಬಂದ ಯುವಕನೊಬ್ಬ ಹತ್ತು ದಿನ ಫುಟ್‌ಬಾಲ್ ಆಡಿಸಿದ. ಶಿಬಿರ ಮುಗಿಯಿತು, ಯುವಕ ಹೋದ, ಚೆಂಡು ಉಳಿಯಿತು. ಮಕ್ಕಳು ಬಿಡಲಿಲ್ಲ. ಸಂಘದ ಸಭೆ ನಡೆಯುವ ಜಗಲಿಗೇ ಬಂದು "ನೀವೇ ಆಡಿಸಿ" ಎಂದು ಹಟ ಹಿಡಿದರು. ಕೊನೆಗೆ ಇಬ್ಬರು ಸದಸ್ಯೆಯರು ಮತ್ತು ನಮ್ಮ ಕಾರ್ಯಕರ್ತೆ ಸೇರಿ ವಾರಕ್ಕೆ ಎರಡು ದಿನ ಆಡಿಸೋಣ ಎಂದು ಒಪ್ಪಿಕೊಂಡೆವು. 22 ಮಕ್ಕಳು ಬಂದರು. ಅದರಲ್ಲಿ 9 ಹುಡುಗಿಯರು.

ಮೂರು ತಿಂಗಳಾದ ಮೇಲೆ ಹತ್ತಿರದ ಊರಿನಿಂದ ಟೂರ್ನಮೆಂಟಿಗೆ ಕರೆ ಬಂತು. ನಮಗೆ ಕಪ್ಪಿನ ಆಸೆ ಹತ್ತಿತು. ಗಟ್ಟಿಮುಟ್ಟಾದ ಹುಡುಗರನ್ನೇ ಆರಿಸಿ ತಂಡ ಮಾಡಿದೆವು. ಒಂದು ದಿನವೂ ತಪ್ಪಿಸದೆ ಬರುತ್ತಿದ್ದ ಹುಡುಗಿಯರನ್ನು "ಬದಲಿ ಆಟಗಾರರು" ಎಂದು ಕರೆದುಕೊಂಡು ಹೋದೆವು. ಅಂದು ಮೂರು ಆಟ ನಡೆಯಿತು. ಮೂರರಲ್ಲೂ ಅವರನ್ನು ಇಳಿಸಲಿಲ್ಲ. ಎರಡನೇ ಬಹುಮಾನ ಸಿಕ್ಕಿತು. ಟೆಂಪೋದಲ್ಲಿ ಹಿಂದಿರುಗುವಾಗ ಐದನೇ ತರಗತಿಯ ಒಬ್ಬಳು ಹುಡುಗಿ ಮೆಲ್ಲಗೆ ಕೇಳಿದಳು: "ಅಕ್ಕಾ, ನಾನು ಬಂದಿದ್ದು ಇವರ ಚೀಲ ಕಾಯೋಕಾ?"

ನಮ್ಮಲ್ಲಿ ಯಾರ ಬಾಯಿಂದಲೂ ಉತ್ತರ ಬರಲಿಲ್ಲ. ಮುಂದಿನ ವಾರ ಒಂಬತ್ತರಲ್ಲಿ ಇಬ್ಬರು ಹುಡುಗಿಯರು ಮಾತ್ರ ಬಂದರು.

ಆಗ ನಾವು ಮನೆಮನೆಗೆ ಹೋಗಿ ವಿಚಾರಿಸಿದೆವು. ಆಡಲು ಸಿಗದೆ ಹೋದದ್ದು ಒಂದು ಕಾರಣ. ಬೇರೆ ಕಾರಣಗಳೂ ಇದ್ದವು, ಅವು ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ಆಟ ಮುಗಿಯುವಾಗ ಕತ್ತಲಾಗುತ್ತಿತ್ತು. ಮೈದಾನದ ಪಕ್ಕದ ಅಂಗಡಿ ಕಟ್ಟೆಯಲ್ಲಿ ಕೂರುವ ಪಡ್ಡೆಗಳು ಏನಾದರೂ ಮಾತು ಹಾಕುತ್ತಿದ್ದರು. ಸಂಜೆ ನೀರು ತರುವ ಕೆಲಸ ಹುಡುಗಿಯರ ಪಾಲಿನದಾಗಿತ್ತು. ಆದರೆ ಎಷ್ಟೋ ತಾಯಂದಿರು ಒಂದೇ ಮಾತು ಹೇಳಿದರು: "ಕೊನೇ ತನಕ ಒಬ್ಬ ಹೆಂಗಸು ಅಲ್ಲಿ ನಿಂತಿರ್ತಾಳೆ ಅಂದ್ರೆ ಕಳಿಸ್ತೀವಿ."

ಈ ಪಾಠದ ಸಾರ ಇಷ್ಟೇ. ಮಕ್ಕಳ ಕೋಚ್ ಆಗಲು ಆಟದಲ್ಲಿ ಪ್ರವೀಣೆ ಆಗಿರಬೇಕಿಲ್ಲ. ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದು, ಕೊನೆಯ ಮಗು ಮನೆಗೆ ಹೋಗುವ ತನಕ ನಿಲ್ಲುವ, ಪ್ರತಿ ಮಗುವಿಗೂ ಆಡಲು ಅವಕಾಶ ಕೊಡುವ ಒಬ್ಬ ಅಕ್ಕ ಬೇಕು. ಉಳಿದದ್ದನ್ನು ಕಲಿಯಬಹುದು.

ಇದು ಗಂಡಸರ ಆಟವೇ?

ಮೊದಲು ಈ ಸಂಶಯ ಬಗೆಹರಿಸಿಕೊಳ್ಳೋಣ. ಸುಮಾರು ನೂರು ವರ್ಷದ ಹಿಂದೆ, ಮೊದಲನೇ ಮಹಾಯುದ್ಧದ ಕಾಲದಲ್ಲಿ, ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಊರಿನ ಡಿಕ್ ಕೆರ್ ಕಾರ್ಖಾನೆಯ ಹೆಣ್ಣು ಕೆಲಸಗಾರರು ಸೇರಿ ಒಂದು ಫುಟ್‌ಬಾಲ್ ತಂಡ ಕಟ್ಟಿದರು. ಆಟದಿಂದ ಬಂದ ಹಣವನ್ನು ಗಾಯಗೊಂಡ ಸೈನಿಕರ ನೆರವಿನಂಥ ಕೆಲಸಗಳಿಗೆ ಕೊಟ್ಟರು. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲ್ ನಗರದಲ್ಲಿ ಅವರ ಒಂದು ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ಮರುವರ್ಷ, 1921ರ ಡಿಸೆಂಬರಿನಲ್ಲಿ, ಅಲ್ಲಿನ ಫುಟ್‌ಬಾಲ್ ಸಂಸ್ಥೆ ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಎಂದು ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಆ ನಿಷೇಧ ತೆಗೆಯಲು ಸುಮಾರು 50 ವರ್ಷ ಬೇಕಾಯಿತು. ಅಂದರೆ ಹೆಂಗಸರಿಗೆ ಆಡಲು ಬರಲಿಲ್ಲ ಎಂದಲ್ಲ, ಅವರಿಗೆ ಮೈದಾನ ಕೊಡಲಿಲ್ಲ.

ನಮ್ಮ ದೇಶದ ಮಾತಿಗೆ ಬರೋಣ. 1980ರಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ನಡೆದ ಏಷ್ಯಾದ ಮಹಿಳಾ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಭಾರತದ ಹೆಣ್ಣುಮಕ್ಕಳು ಎರಡನೇ ಸ್ಥಾನ ಪಡೆದಿದ್ದರು. 2022ರಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಭಾರತದಲ್ಲೇ, ಭುವನೇಶ್ವರ, ಗೋವಾ ಮತ್ತು ನವಿ ಮುಂಬಯಿಯಲ್ಲಿ ನಡೆಯಿತು. 2025ರ ಜುಲೈಯಲ್ಲಿ ನಮ್ಮ ಮಹಿಳಾ ತಂಡ ಥಾಯ್ಲೆಂಡನ್ನು 2–1 ಗೋಲುಗಳಿಂದ ಸೋಲಿಸಿ 2026ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆಯಿತು. ಅರ್ಹತಾ ಪಂದ್ಯಗಳನ್ನು ಗೆದ್ದು ಈ ಹಂತ ತಲುಪಿದ್ದು ಅದೇ ಮೊದಲು.

ಹಳ್ಳಿಗೆ ಹತ್ತಿರವಾದ ಇನ್ನೊಂದು ಉದಾಹರಣೆ ಜಾರ್ಖಂಡಿನದು. ರಾಂಚಿ ಸಮೀಪದ ಹಳ್ಳಿಗಳಲ್ಲಿ 'ಯುವ' ಎಂಬ ಸಂಸ್ಥೆ 2009ರಿಂದ ಬಡ ಮನೆಗಳ ಹುಡುಗಿಯರಿಗೆ ಫುಟ್‌ಬಾಲ್ ಆಡಿಸುತ್ತಾ ಬಂದಿದೆ. ಬಾಲ್ಯವಿವಾಹ, ಶಾಲೆ ಬಿಡುವುದು ಅಲ್ಲಿ ದೊಡ್ಡ ಸಮಸ್ಯೆ. ಆಡಿ ಬೆಳೆದ ಹುಡುಗಿಯರೇ ಮುಂದೆ ಚಿಕ್ಕವರಿಗೆ ಕೋಚ್ ಆಗುತ್ತಾರೆ. 2013ರಲ್ಲಿ ಅಲ್ಲಿನ ಹುಡುಗಿಯರು ಸ್ಪೇನ್ ದೇಶದ ಒಂದು ಪಂದ್ಯಾವಳಿಯಲ್ಲಿ ಮೂರನೇ ಸ್ಥಾನ ಗಳಿಸಿದರು. 2019ರಲ್ಲಿ ಆ ಸಂಸ್ಥೆಗೆ ಲಾರಿಯಸ್ ಎಂಬ ಅಂತರರಾಷ್ಟ್ರೀಯ ಕ್ರೀಡಾ ಪ್ರಶಸ್ತಿ ಬಂತು. ನಾವು ಗಮನಿಸಬೇಕಾದದ್ದು ಪ್ರಶಸ್ತಿಯನ್ನಲ್ಲ. ಊರಿನ ಹುಡುಗಿಯೇ ಊರಿನ ಮಕ್ಕಳಿಗೆ ಕಲಿಸಬಲ್ಲಳು ಎಂಬುದನ್ನು.

ಸಂಘ ನಡೆಸಿದವರಿಗೆ ಅರ್ಧ ಕೆಲಸ ಗೊತ್ತು

ಸಂಘ ಶುರುವಾದಾಗ ನಮಗೆ ಬ್ಯಾಂಕಿನ ಚಲನ್ ತುಂಬಲು ಬರುತ್ತಿತ್ತೇ? ಇಲ್ಲ. ಆದರೆ ವಾರದ ದಿನ ತಪ್ಪಿಸಲಿಲ್ಲ, ಹಾಜರಿ ಬರೆದೆವು, ಒಬ್ಬರೇ ಮಾತಾಡದ ಹಾಗೆ ನೋಡಿಕೊಂಡೆವು, ಪ್ರತಿನಿಧಿಗಳನ್ನು ಸರದಿಯ ಮೇಲೆ ಬದಲಿಸಿದೆವು. ಮಕ್ಕಳ ತಂಡಕ್ಕೂ ಬೇಕಾದದ್ದು ಇದೇ.

ದಿನ ಮತ್ತು ಹೊತ್ತು ನಿಗದಿ ಮಾಡಿ. ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ ಸಾಕು. ಕತ್ತಲಾಗುವುದಕ್ಕೆ ಅರ್ಧ ಗಂಟೆ ಮೊದಲೇ ಮುಗಿಯಬೇಕು.

ಒಬ್ಬರೇ ಹೊರಡಬೇಡಿ. ಇಬ್ಬರು ಇರಲಿ, ಮೂವರಾದರೆ ಇನ್ನೂ ಒಳ್ಳೆಯದು. ಒಬ್ಬರಿಗೆ ಮನೆಯಲ್ಲಿ ನೆಂಟರು, ಜ್ವರ, ಗದ್ದೆ ಕೆಲಸ ಬಂದರೂ ಆಟ ನಿಲ್ಲಬಾರದು. ಎರಡು ಸಲ ಹೇಳದೆ ಕೇಳದೆ ತಪ್ಪಿಸಿದರೆ ಮಕ್ಕಳು ನಂಬಿಕೆ ಕಳೆದುಕೊಳ್ಳುತ್ತಾರೆ.

ಒಬ್ಬ ದೊಡ್ಡವರಿಗೆ 12ರಿಂದ 15 ಮಕ್ಕಳಿಗಿಂತ ಹೆಚ್ಚು ಬೇಡ. ಹೆಚ್ಚು ಮಕ್ಕಳಿದ್ದರೆ ಎರಡು ಗುಂಪು ಮಾಡಿ. ವಯಸ್ಸನ್ನೂ ನೋಡಿ. 7 ವರ್ಷದ ಮಗುವನ್ನು 13 ವರ್ಷದ ಹುಡುಗನ ಎದುರು ನಿಲ್ಲಿಸಿದರೆ ಪೆಟ್ಟಾಗುತ್ತದೆ, ಮಗು ಹೆದರಿ ಮತ್ತೆ ಬರುವುದಿಲ್ಲ.

ಬಟ್ಟೆಯ ಚಿಂತೆ ಬೇಡ. ಚೂಡಿದಾರ ಹಾಕಿ, ದುಪ್ಪಟ್ಟಾ ಸೊಂಟಕ್ಕೆ ಕಟ್ಟಿಕೊಂಡರೆ ನಿಮಗೆ ಸಾಕು. ಸೀರೆಯಲ್ಲೂ ಸೀಟಿ ಊದಬಹುದು. ಹುಡುಗಿಯರು ಚಡ್ಡಿ ಹಾಕಲೇಬೇಕೆಂದಿಲ್ಲ. ಟ್ರ್ಯಾಕ್ ಪ್ಯಾಂಟ್ ಹಾಕಿ ಆಡಲಿ. ತಲೆವಸ್ತ್ರ ಹಾಕಿ ಆಡುವುದಕ್ಕೂ ಆಟದ ನಿಯಮ ರೂಪಿಸುವ ಅಂತರರಾಷ್ಟ್ರೀಯ ಮಂಡಳಿ 2014ರಲ್ಲೇ ಅನುಮತಿ ಕೊಟ್ಟಿದೆ. ಪಿನ್ನು ಚುಚ್ಚದೆ ಬಿಗಿಯಾಗಿ ಕಟ್ಟಿರಬೇಕು ಅಷ್ಟೇ. ಬಳೆ, ಸರ, ಕಿವಿಯೋಲೆಗಳನ್ನು ಮಾತ್ರ ತೆಗೆದಿಟ್ಟು ಬರಬೇಕು.

ಆಟದ ನಿಯಮ ಎಷ್ಟು ಗೊತ್ತಿರಬೇಕು?

ದೊಡ್ಡವರ ಆಟದಲ್ಲಿ ಒಂದೊಂದು ತಂಡದಲ್ಲಿ 11 ಜನ, 45 ನಿಮಿಷದ ಎರಡು ಭಾಗ. ಮಕ್ಕಳಿಗೆ ಅದು ಬೇಡ. ಇಷ್ಟು ತಿಳಿದಿದ್ದರೆ ಶುರು ಮಾಡಬಹುದು:

1. ಚೆಂಡನ್ನು ಕೈಯಿಂದ ಹಿಡಿಯುವವಳು ಗೋಲ್‌ಕೀಪರ್ ಮಾತ್ರ, ಅದೂ ತನ್ನ ಗೋಲಿನ ಮುಂದಿನ ಚೌಕದೊಳಗೆ.

2. ಚೆಂಡು ಪೂರ್ತಿಯಾಗಿ ಗೆರೆ ದಾಟಿದರೆ ಮಾತ್ರ ಹೊರಗೆ ಹೋದಂತೆ. ಗೋಲಿಗೂ ಇದೇ ನಿಯಮ.

3. ಪಕ್ಕದ ಗೆರೆಯಿಂದ ಹೊರಗೆ ಹೋದರೆ ಎದುರಾಳಿ ತಂಡ ಎರಡೂ ಕೈಯಿಂದ ತಲೆಯ ಮೇಲಿನಿಂದ ಎಸೆಯುತ್ತದೆ. ಎಸೆಯುವಾಗ ಎರಡೂ ಪಾದ ನೆಲದಲ್ಲಿರಬೇಕು.

4. ಗೋಲಿನ ಗೆರೆಯಿಂದ ಹೊರಗೆ ಹೋದಾಗ ಕೊನೆಗೆ ಮುಟ್ಟಿದವರು ಯಾರು ಎಂದು ನೋಡಿ. ಗೋಲು ಹೊಡೆಯಲು ಬಂದವರಾದರೆ ಗೋಲ್ ಕಿಕ್. ಗೋಲು ಕಾಯುವವರಾದರೆ ಮೂಲೆಯಿಂದ ಕಾರ್ನರ್ ಕಿಕ್.

5. ತಳ್ಳುವುದು, ಅಂಗಿ ಎಳೆಯುವುದು, ಕಾಲು ಅಡ್ಡ ಕೊಡುವುದು ತಪ್ಪು. ಸೀಟಿ ಊದಿ, ಎದುರಾಳಿ ತಂಡಕ್ಕೆ ಚೆಂಡು ಕೊಡಿ.

ಆಫ್‌ಸೈಡ್ ಎಂಬ ನಿಯಮವೂ ಇದೆ. ಚಿಕ್ಕ ಮಕ್ಕಳಿಗೆ ಅದನ್ನು ಬಿಟ್ಟುಬಿಡಿ.

9–10 ವರ್ಷದ ತನಕ ನಾಲ್ವರ ಎದುರು ನಾಲ್ವರು ಅಥವಾ ಐವರ ಎದುರು ಐವರು ಆಡಲಿ. 30 ಹೆಜ್ಜೆ ಉದ್ದ, 20 ಹೆಜ್ಜೆ ಅಗಲದ ಜಾಗ ಸಾಕು. ಗೋಲ್ ಕಂಬದ ಬದಲು ಎರಡು ಚಪ್ಪಲಿ ಇಡಿ. ಚಿಕ್ಕ ಜಾಗದಲ್ಲಿ ಕಡಿಮೆ ಜನ ಆಡಿದರೆ ಪ್ರತಿ ಮಗುವಿಗೂ ಚೆಂಡು ಸಿಗುತ್ತದೆ. 22 ಮಕ್ಕಳನ್ನು ಒಂದೇ ಚೆಂಡಿನ ಹಿಂದೆ ಬಿಟ್ಟರೆ ನಾಲ್ಕು ಮಕ್ಕಳು ಆಡುತ್ತಾರೆ, ಉಳಿದವರು ಧೂಳು ಕುಡಿಯುತ್ತಾರೆ.

ಒಂದು ಗಂಟೆ ಹೇಗೆ ಕಳೆಯಬೇಕು?

ಸಾಲಾಗಿ ನಿಲ್ಲಿಸಿ ಭಾಷಣ ಮಾಡಬೇಡಿ. ಮಕ್ಕಳು ಬಂದದ್ದು ಆಡಲು. ನಮಗೆ ಗೊತ್ತಿರುವ ಹಳೆಯ ಆಟಗಳೇ ಇಲ್ಲಿ ಕೈಹಿಡಿಯುತ್ತವೆ.

ಮೊದಲ 10 ನಿಮಿಷ: ಮೈ ಬಿಸಿಯಾಗಲು ಮುಟ್ಟಾಟ. ಓಡಬೇಕು, ತಿರುಗಬೇಕು, ನಗಬೇಕು.

ಮುಂದಿನ 10 ನಿಮಿಷ: ಚೆಂಡಿನ 'ಕೆರೆ–ದಡ'. ಪ್ರತಿಯೊಬ್ಬರ ಕಾಲ ಬಳಿ ಒಂದು ಚೆಂಡು. "ಕೆರೆ" ಎಂದರೆ ಚೆಂಡನ್ನು ಮೆಲ್ಲಗೆ ತಳ್ಳಿಕೊಂಡು ಹೋಗಬೇಕು. "ದಡ" ಎಂದರೆ ಅಂಗಾಲಿನಿಂದ ಚೆಂಡು ಒತ್ತಿ ನಿಲ್ಲಿಸಬೇಕು. "ಕೆರೆ, ಕೆರೆ, ದಡ" ಎಂದು ಮೋಸ ಮಾಡಿ ಹೇಳಿದರೆ ಮಕ್ಕಳಿಗೆ ಬಹಳ ಖುಷಿ. ಚೆಂಡು ದೂರ ಹೋಗದಂತೆ ಕಾಲ ಬಳಿ ಇಟ್ಟುಕೊಳ್ಳುವುದನ್ನು ಅವರು ಹೀಗೆ ತಮಗೆ ಗೊತ್ತಿಲ್ಲದೇ ಕಲಿಯುತ್ತಾರೆ. ಚೆಂಡು ಕಡಿಮೆಯಿದ್ದರೆ ಇಬ್ಬರಿಗೆ ಒಂದು.

ಮುಂದಿನ 15 ನಿಮಿಷ: ಕಾಲಿನ ಲಗೋರಿ. ಐದಾರು ಬಿಲ್ಲೆ ಅಥವಾ ಖಾಲಿ ಡಬ್ಬಗಳನ್ನು ಪೇರಿಸಿ, ಹತ್ತು ಹೆಜ್ಜೆ ದೂರದಿಂದ ಚೆಂಡು ಒದ್ದು ಬೀಳಿಸಬೇಕು. ಇಲ್ಲಿ ಒಂದು ವಿಷಯ ಹೇಳಿಕೊಡಿ. ಒದೆಯದ ಕಾಲನ್ನು ಚೆಂಡಿನ ಪಕ್ಕದಲ್ಲಿ ಊರಬೇಕು, ಆ ಪಾದದ ಬೆರಳು ಗುರಿಯ ಕಡೆ ಇರಬೇಕು. ಹೊಡೆಯುವ ಕಾಲಿನ ಒಳಬದಿಯಿಂದ ತಳ್ಳಬೇಕು, ಬೆರಳ ತುದಿಯಿಂದ ಅಲ್ಲ. ಇದೇ ಪಾಸ್ ಮಾಡುವ ಸರಿಯಾದ ರೀತಿ.

ನೀರಿಗೆ 5 ನಿಮಿಷ. ಬಿಸಿಲಿನ ದಿನ ಎರಡು ಸಲ ಬಿಡುವು ಕೊಡಿ. ಬಾಯಾರಿದೆ ಎಂದು ಮಗು ಕೇಳುವ ತನಕ ಕಾಯಬೇಡಿ.

ಕೊನೆಯ 20 ನಿಮಿಷ: ಆಟ. ಎಲ್ಲರೂ ಆಡಬೇಕು, ಜಾಗ ಬದಲಾಯಿಸಬೇಕು, ಗೋಲು ಕಾಯುವ ಸರದಿ ಎಲ್ಲರಿಗೂ ಬರಬೇಕು. ಹುಡುಗರು ಹುಡುಗಿಯರಿಗೆ ಚೆಂಡು ಕೊಡದಿದ್ದರೆ ಸ್ವಲ್ಪ ಹೊತ್ತು ನಿಯಮ ಬದಲಿಸಿ: ತಂಡದ ಎಲ್ಲರೂ ಒಂದು ಸಲ ಚೆಂಡು ಮುಟ್ಟಿದ ಮೇಲೇ ಗೋಲು ಲೆಕ್ಕಕ್ಕೆ. ಹತ್ತೇ ನಿಮಿಷದಲ್ಲಿ ಆಟದ ರೂಪ ಬದಲಾಗುತ್ತದೆ, ಮಾಡಿ ನೋಡಿ.

ಮಾತಾಡುವಾಗ ಮಗುವಿನ ಹೆಸರು ಹಿಡಿದು ಕರೆಯಿರಿ. ತಿದ್ದುವುದಾದರೆ ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ. "ಹುಡುಗಿ ತರ ಆಡ್ತೀಯಲ್ಲೋ" ಎಂಬ ಮಾತು ನಮ್ಮ ಬಾಯಲ್ಲಿ ಬರಲೇಬಾರದು, ಬೇರೆಯವರು ಹೇಳಿದರೂ ತಡೆಯಬೇಕು. ಹೊಡೆಯುವುದು, ಬಿಸಿಲಲ್ಲಿ ನಿಲ್ಲಿಸುವುದು, ಬಸ್ಕಿ ಹೊಡೆಸುವುದು ಬೇಡ.

ಸಾಮಾನು ಮತ್ತು ಹಣ

ಚೆಂಡಿಗೆ ಅಳತೆ ಇದೆ. ಸುಮಾರು 8 ವರ್ಷದ ಕೆಳಗಿನವರಿಗೆ 3ನೇ ನಂಬರ್, 8ರಿಂದ 12ರವರಿಗೆ 4ನೇ ನಂಬರ್, ಅದಕ್ಕಿಂತ ದೊಡ್ಡವರಿಗೆ 5ನೇ ನಂಬರ್. ದೊಡ್ಡವರ 5ನೇ ನಂಬರ್ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಅದನ್ನು ಪುಟ್ಟ ಮಗುವಿಗೆ ಕೊಟ್ಟರೆ ಕಾಲು ನೋಯುತ್ತದೆ. ಅಂಗಡಿಯಲ್ಲಿ ನಂಬರ್ ಕೇಳಿಯೇ ಕೊಳ್ಳಿ. ಒಂದು ಪಂಪು, ಒಂದು ಸೀಟಿ, ಗುರುತಿಗೆ ನೀರು ತುಂಬಿದ ಹಳೆಯ ಬಾಟಲಿಗಳು, ಒಂದು ನೋಟ್‌ಬುಕ್ – ಶುರುವಿಗೆ ಇಷ್ಟು ಸಾಕು.

ಬೂಟಿಲ್ಲ ಎಂದು ಯಾವ ಮಗುವನ್ನೂ ಹಿಂದಕ್ಕೆ ಕಳಿಸಬೇಡಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ದೇಶದ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಫ್ರಾನ್ಸ್ ಎದುರು 2–1ರಿಂದ ಮಾತ್ರ ಸೋತರು. ಆ ತಂಡದಲ್ಲಿ ಬೆಂಗಳೂರಿನ ಆಟಗಾರರೂ ಇದ್ದರು. ಆದರೆ ಒಂದು ಎಚ್ಚರಿಕೆ. ಬೂಟು ಹಾಕಿದವರೂ ಬರಿಗಾಲಿನವರೂ ಒಟ್ಟಿಗೆ ಆಡಿದರೆ ಬರಿಗಾಲಿಗೆ ಪೆಟ್ಟಾಗುತ್ತದೆ. ಆ ದಿನ ಎಲ್ಲರೂ ಬೂಟು ಬಿಚ್ಚಿ ಆಡಲಿ, ಇಲ್ಲವೇ ಎಲ್ಲರೂ ಕ್ಯಾನ್ವಾಸ್ ಶೂ ಹಾಕಲಿ. ಆಟಕ್ಕೆ ಮೊದಲು ಮಕ್ಕಳೊಂದಿಗೆ ಮೈದಾನ ಸುತ್ತಿ ಗಾಜು, ಮುಳ್ಳು, ಕಲ್ಲು ಹೆಕ್ಕಿ.

ಹಣದ ಬಗ್ಗೆ ಸ್ಪಷ್ಟವಾಗಿರೋಣ. ಸ್ವಯಂಸೇವಕಿ ಎಂದರೆ ಸಂಬಳವಿಲ್ಲ. ಸದಸ್ಯರ ಉಳಿತಾಯದ ಹಣವನ್ನು ಚೆಂಡಿಗೆ ಖರ್ಚು ಮಾಡಬಾರದು. ಅದು ಸಾಲಕ್ಕೆಂದು ಕೂಡಿಟ್ಟದ್ದು. ಸಂಘ ಏನಾದರೂ ಕೊಡುವುದಾದರೆ ಸಭೆಯಲ್ಲಿ ಎಲ್ಲರೂ ಒಪ್ಪಿ ನಿರ್ಣಯ ಬರೆದ ಮೇಲೆ ಕೊಡಲಿ. ಶಾಲೆ, ಪಂಚಾಯತಿ, ಊರಿನ ಅಂಗಡಿಯವರು, ಊರು ಬಿಟ್ಟು ದುಡಿಯುವ ಮಕ್ಕಳು – ಇವರನ್ನು ಕೇಳಿ. ಬಂದ ಪ್ರತಿ ರೂಪಾಯಿಗೂ ರಸೀದಿ, ಬೇರೆಯೇ ಲೆಕ್ಕ. ಬಡ ಮಗು ಬರಲಾಗದಂಥ ಶುಲ್ಕ ಇಡಬೇಡಿ.

ಮಕ್ಕಳ ಸುರಕ್ಷತೆ: ಇದರಲ್ಲಿ ರಾಜಿ ಇಲ್ಲ

ಯಾವ ಕಪ್ಪಿಗಿಂತಲೂ ಇದು ದೊಡ್ಡದು. ದಯವಿಟ್ಟು ಈ ಭಾಗವನ್ನು ಎರಡು ಸಲ ಓದಿ.

ಪ್ರತಿ ಮಗುವಿನ ತಂದೆ ತಾಯಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಅದರಲ್ಲಿ ಮಗುವಿನ ವಯಸ್ಸು, ಫೋನ್ ನಂಬರ್, ಉಬ್ಬಸ, ಮೂರ್ಛೆರೋಗ, ಹೃದಯದ ತೊಂದರೆ ಇದ್ದರೆ ಅದನ್ನೂ ಬರೆಸಿಕೊಳ್ಳಿ. ಆ ಪುಸ್ತಕ ಮೈದಾನದಲ್ಲೇ ಇರಲಿ.

ಯಾರೇ ದೊಡ್ಡವರು, ಗಂಡಸಾಗಲಿ ಹೆಂಗಸಾಗಲಿ, ಒಂದು ಮಗುವಿನ ಜೊತೆ ಮರೆಯಲ್ಲಿ ಒಂಟಿಯಾಗಿ ಇರಬಾರದು. ಯಾವಾಗಲೂ ಇಬ್ಬರು ದೊಡ್ಡವರು ಕಣ್ಣಳತೆಯಲ್ಲಿರಲಿ. ಹೊರಗಿನಿಂದ ಕಲಿಸಲು ಬರುವವರಿಗೂ ಇದೇ ನಿಯಮ, ಅವರು ಎಷ್ಟೇ ಒಳ್ಳೆಯವರಾಗಿರಲಿ. ಮಕ್ಕಳ ಫೋಟೊವನ್ನು ಮನೆಯವರನ್ನು ಕೇಳದೆ ವಾಟ್ಸಾಪಿಗೆ ಹಾಕಬೇಡಿ.

ಮಗುವೊಂದು ತನಗಾದ ಕೆಟ್ಟ ಅನುಭವ ಹೇಳಿಕೊಂಡರೆ ನಂಬಿ, ಸಮಾಧಾನದಿಂದ ಕೇಳಿ. "ಯಾರಿಗೂ ಹೇಳಬೇಡ" ಎನ್ನಬೇಡಿ. 18 ವರ್ಷದೊಳಗಿನ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಊರಲ್ಲೇ ಪಂಚಾಯಿತಿ ಮಾಡಿ ಮುಗಿಸುವ ವಿಷಯ ಇದಲ್ಲ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಗುಡುಗು ಕೇಳಿಸಿದರೆ ಕೂಡಲೇ ಆಟ ನಿಲ್ಲಿಸಿ, ಮಕ್ಕಳನ್ನು ಶಾಲೆ ಅಥವಾ ಮನೆಯೊಳಗೆ ಕರೆದುಕೊಂಡು ಹೋಗಿ. ಮರದ ಕೆಳಗೆ ನಿಲ್ಲಿಸಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವ ತನಕ ಮೈದಾನಕ್ಕೆ ಬಿಡಬೇಡಿ. ಕಬ್ಬಿಣದ ಗೋಲ್ ಕಂಬ ಇದ್ದರೆ ನೆಲಕ್ಕೆ ಭದ್ರವಾಗಿದೆಯೇ ನೋಡಿ. ಮಕ್ಕಳು ಅದಕ್ಕೆ ಜೋತು ಬೀಳಬಾರದು. ಕಂಬ ಮಗುಚಿ ಬಿದ್ದು ಮಕ್ಕಳು ಸತ್ತದ್ದೂ ಉಂಟು.

ತಲೆಯಿಂದ ಚೆಂಡು ಹೊಡೆಯುವುದನ್ನು ಚಿಕ್ಕವರಿಗೆ ಕಲಿಸಬೇಡಿ. ಅಮೆರಿಕದಲ್ಲಿ 2015ರಲ್ಲಿ 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಇದನ್ನು ನಿಲ್ಲಿಸಲು ನಿರ್ಧರಿಸಿದರು. 2020ರಲ್ಲಿ ಇಂಗ್ಲೆಂಡಿನಲ್ಲೂ ಪ್ರಾಥಮಿಕ ಶಾಲೆಯ ಮಕ್ಕಳ ತರಬೇತಿಯಲ್ಲಿ ಬೇಡವೆಂದರು. ತಲೆಗೆ ಪೆಟ್ಟು ಬಿದ್ದ ಮಗು "ನಾನು ಸರಿಯಿದ್ದೀನಿ" ಎಂದರೂ ಆ ದಿನ ಮತ್ತೆ ಆಡಿಸಬೇಡಿ. ವಾಂತಿ, ತಲೆಸುತ್ತು, ಮಂಪರು, ತೊದಲುವಿಕೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಆಂಬುಲೆನ್ಸ್ 108.

ಕಾಲು ಉಳುಕಿದರೆ ಉಜ್ಜಬೇಡಿ, ಎಳೆಯಬೇಡಿ. ಕೂರಿಸಿ, ಬಟ್ಟೆಯಲ್ಲಿ ಸುತ್ತಿದ ಐಸು ಅಥವಾ ತಣ್ಣೀರು ಪಟ್ಟಿ ಇಟ್ಟು, ಕಾಲು ಎತ್ತರದಲ್ಲಿಡಿ. ಕಾಲೂರಲು ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬೇಡಿ. ಸ್ವಲ್ಪ ಮುಂದಕ್ಕೆ ಬಾಗಿ ಕೂರಿಸಿ, ಮೂಗಿನ ಮೆತ್ತಗಿನ ಭಾಗವನ್ನು 10 ನಿಮಿಷ ಒತ್ತಿ ಹಿಡಿಯಿರಿ. ಆಶಾ ಕಾರ್ಯಕರ್ತೆಯನ್ನು ಒಂದು ದಿನ ಕರೆಸಿ ಇದನ್ನೆಲ್ಲ ಕೈಯಲ್ಲಿ ಮಾಡಿ ಕಲಿತುಕೊಳ್ಳಿ.

ಹುಡುಗಿಯರು ಉಳಿಯಬೇಕಾದರೆ

ಏಳೆಂಟು ವರ್ಷದ ಹುಡುಗಿಯರನ್ನು ಎಲ್ಲರೂ ಕಳಿಸುತ್ತಾರೆ. 12–13 ಆದಾಗ ಒಬ್ಬೊಬ್ಬರಾಗಿ ನಿಲ್ಲುತ್ತಾರೆ. "ದೊಡ್ಡವಳಾದಳು, ಇನ್ನೇನು ಆಟ?" ಎನ್ನುವವರು ಬೇರೆ ಯಾರೂ ಅಲ್ಲ, ಎಷ್ಟೋ ಸಲ ನಾವೇ.

ಮುಟ್ಟಿನ ದಿನಗಳಲ್ಲಿ ಆಡಬಾರದು ಎಂಬುದಕ್ಕೆ ಆರೋಗ್ಯದ ಕಾರಣವಿಲ್ಲ. ಮೈ ಸರಿಯಿದ್ದರೆ ಆಡಲಿ, ನೋವಿದ್ದರೆ ಕೂರಲಿ. ಅದನ್ನು ಅವಳೇ ಹೇಳಲಿ, ಬೇರೆಯವರ ಮುಂದೆ ಕಾರಣ ಕೇಳಬೇಡಿ. ಚೀಲದಲ್ಲಿ ಒಂದೆರಡು ಪ್ಯಾಡ್ ಇಟ್ಟುಕೊಂಡಿರಿ. ಹತ್ತಿರದಲ್ಲಿ ಬಾಗಿಲಿರುವ ಶೌಚಾಲಯ ಎಲ್ಲಿದೆ, ಅದರ ಬೀಗದ ಕೈ ಯಾರ ಬಳಿ ಇದೆ ಎಂದು ಮೊದಲೇ ತಿಳಿದುಕೊಳ್ಳಿ. ಹುಡುಗ ಕೋಚಿಗೆ ಹೇಳಲಾಗದ ಈ ಮಾತುಗಳನ್ನು ಅಕ್ಕನಿಗೆ ಹೇಳಬಹುದು.

ಮೇಲೆ ಹೇಳಿದ ಹಳ್ಳಿಯಲ್ಲಿ ನಾವು ಮೂರು ಬದಲಾವಣೆ ಮಾಡಿದೆವು. ಹೊತ್ತನ್ನು ಆರು ಗಂಟೆಯಿಂದ ನಾಲ್ಕೂವರೆಗೆ ತಂದೆವು. ಅಂಗಡಿ ಪಕ್ಕದ ಮೈದಾನ ಬಿಟ್ಟು, ಮುಖ್ಯೋಪಾಧ್ಯಾಯರನ್ನು ಕೇಳಿ ಶಾಲೆಯ ಅಂಗಳಕ್ಕೆ ಬಂದೆವು. ಎಲ್ಲೇ ಆಡಲು ಹೋದರೂ, ಸೋತರೂ ಚಿಂತೆಯಿಲ್ಲ, ಬಂದ ಪ್ರತಿ ಮಗು ಅರ್ಧ ಆಟವಾದರೂ ಆಡಬೇಕು ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದೆವು. ನೀರಿನ ವಿಷಯಕ್ಕೆ ಸಂಘದಲ್ಲೇ ಮಾತಾಯಿತು. ಆ ಎರಡು ದಿನ ನೀರು ತರುವ ಕೆಲಸ ಅಣ್ಣಂದಿರದು ಎಂದು ಕೆಲವು ಮನೆಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ಹುಡುಗಿಯರು ಎಲ್ಲರೂ ಹಿಂದೆ ಬರಲಿಲ್ಲ. ಆರು ಜನ ಬಂದರು. ಚೀಲ ಕಾದವಳು ಕೊನೆಗೆ ಬಂದಳು, ಅದೂ ನಾವು ಅವರ ಮನೆಗೆ ಮೂರು ಸಲ ಹೋಗಿ, ತಪ್ಪಾಯಿತೆಂದು ಅವಳಿಗೇ ಹೇಳಿದ ಮೇಲೆ. ಈಗ ಚಿಕ್ಕವರಿಗೆ "ಕೆರೆ–ದಡ" ಆಡಿಸುವವಳು ಅವಳೇ. ಅದಾದ ಮೇಲೆ ಇನ್ನೂ ಒಂದು ಕಪ್ಪು ಬಂದಿಲ್ಲ. ಅದಕ್ಕೆ ನಮಗೆ ಬೇಸರವೂ ಇಲ್ಲ.

ಇನ್ನೂ ಕಲಿಯಬೇಕೆನಿಸಿದರೆ

ಒಂದು ವರ್ಷ ಆಡಿಸಿದ ಮೇಲೆ ನಿಮ್ಮಲ್ಲಿ ಒಬ್ಬರಿಗೆ, ಅಥವಾ ಓದು ಮುಗಿಸಿದ ಮಗಳಿಗೆ ಆಸಕ್ತಿ ಬಂದರೆ ಮುಂದೆ ದಾರಿಯಿದೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಕೋಚ್‌ಗಳಿಗೆ ಹಂತ ಹಂತದ ತರಬೇತಿ ನಡೆಸುತ್ತದೆ. ಕೆಳಗಿನ ಹಂತಗಳಿಂದ ಡಿ, ಸಿ ಲೈಸೆನ್ಸ್, ಮುಂದೆ ಏಷ್ಯಾ ಮಟ್ಟದ ಬಿ, ಎ ಲೈಸೆನ್ಸ್‌ಗಳು ಎಂದು ಮೇಲೇರಬಹುದು. ಹೀಗೆ ಕಲಿತವರಿಗೆ ಶಾಲೆಗಳಲ್ಲಿ, ಕ್ಲಬ್ಬುಗಳಲ್ಲಿ ಕೆಲಸದ ಅವಕಾಶವೂ ಉಂಟು. ಬೆಂಗಳೂರಿನ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ಅಥವಾ ನಿಮ್ಮ ಜಿಲ್ಲೆಯ ಫುಟ್‌ಬಾಲ್ ಸಂಸ್ಥೆಯಲ್ಲಿ ವಿಚಾರಿಸಿ. ಶುಲ್ಕ, ವಯಸ್ಸು, ಊಟ ವಸತಿ ಎಲ್ಲ ಕೇಳಿಕೊಂಡು ನಂತರ ಹಣ ಕಟ್ಟಿ. ಹತ್ತಿರದ ಪ್ರೌಢಶಾಲೆಯ ದೈಹಿಕ ಶಿಕ್ಷಕರೂ ಒಳ್ಳೆಯ ಗುರುಗಳೇ. ಒಂದು ಸಂಜೆ ಕರೆದು ಚಹಾ ಕೊಟ್ಟು ಕೇಳಿ, ಇಲ್ಲವೆನ್ನುವುದಿಲ್ಲ.

ಸಹೋದರಿಯರೇ, ಮಕ್ಕಳೆಲ್ಲರೂ ದೇಶಕ್ಕೆ ಆಡುವವರಾಗುವುದಿಲ್ಲ. ಆದರೆ ಬಿದ್ದರೆ ಎದ್ದು ಓಡುವುದು, ಸೋತಾಗ ಕೈಕುಲುಕುವುದು, ತನ್ನ ಪಾಲಿನ ಚೆಂಡನ್ನು ಕೇಳಿ ಪಡೆಯುವುದು – ಇಷ್ಟನ್ನು ಕಲಿತ ಹುಡುಗಿ ನಾಳೆ ಗ್ರಾಮಸಭೆಯಲ್ಲೂ ಎದ್ದು ನಿಂತು ಮಾತಾಡುತ್ತಾಳೆ. ನಾವು ಸಂಘಕ್ಕೆ ಬಂದು ಕಲಿತದ್ದೂ ಅದನ್ನೇ ಅಲ್ಲವೇ? ನಮಗೆ ಅದು ಸಿಕ್ಕಿದ್ದು ಮದುವೆಯಾಗಿ ಮಕ್ಕಳಾದ ಮೇಲೆ. ನಮ್ಮ ಮಕ್ಕಳಿಗೆ ಹತ್ತನೇ ವರ್ಷಕ್ಕೇ ಸಿಗಲಿ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಊರಿನಲ್ಲಿ ಸಂಜೆ ಹೊತ್ತು ಮೈದಾನದಲ್ಲಿ ಯಾರು ಇರುತ್ತಾರೆ? ಹುಡುಗಿಯರು ಆ ಹೊತ್ತಿನಲ್ಲಿ ಎಲ್ಲಿರುತ್ತಾರೆ, ಏನು ಮಾಡುತ್ತಿರುತ್ತಾರೆ?

2. ನಮ್ಮ ಮನೆಯ ಹುಡುಗಿ ಆಡಲು ಹೋಗುವುದನ್ನು ಯಾವ ವಯಸ್ಸಿಗೆ ನಿಲ್ಲಿಸಿದೆವು? ಯಾಕೆ?

3. ಗೆಲ್ಲಲು ಚೆನ್ನಾಗಿ ಆಡುವವರನ್ನು ಮಾತ್ರ ಇಳಿಸಬೇಕೇ, ಎಲ್ಲರನ್ನೂ ಇಳಿಸಬೇಕೇ? ಎರಡೂ ಕಡೆಯ ಮಾತು ಕೇಳಿ.

4. ನಮ್ಮ ಸಂಘದಲ್ಲಿ ವಾರಕ್ಕೆ ಎರಡು ಗಂಟೆ ಕೊಡಬಲ್ಲ ಇಬ್ಬರು ಯಾರು? ಅವರ ಮನೆಗೆಲಸಕ್ಕೆ ಉಳಿದವರು ಹೇಗೆ ನೆರವಾಗಬಹುದು?

ಮುಂದಿನ ಸಭೆಯೊಳಗೆ ಮಾಡುವ ಕೆಲಸ

ಇಬ್ಬರು ಸದಸ್ಯೆಯರು ಶಾಲೆಯ ಮುಖ್ಯೋಪಾಧ್ಯಾಯರನ್ನು ಭೇಟಿಯಾಗಿ ಅಂಗಳದ ಬಗ್ಗೆ ಕೇಳಲಿ. ಇನ್ನಿಬ್ಬರು 7ರಿಂದ 13 ವರ್ಷದ ಮಕ್ಕಳ ಪಟ್ಟಿ ಬರೆದು ತರಲಿ. ಹುಡುಗಿಯರ ಹೆಸರನ್ನು ಮೊದಲು ಬರೆಯಿರಿ.